ಉಳಿಸಲಿಕ್ಕಲ್ಲದ ಕೆತ್ತನೆ

ಪಪುವಾ ನ್ಯೂಗಿನಿ ದೇಶಕ್ಕೆ ಸೇರಿದ ನ್ಯೂ ಐರ್ಲೆಂಡ್ ಎಂಬ ಉದ್ದನೆಯ, ಸಪೂರ ದ್ವೀಪವೊಂದಿದೆ. ಅದರ ಉತ್ತರ ಭಾಗದ ಜನ ತೀರಿಹೋದವರಿಗಾಗಿ ಮಾಡುವ ‘ಮಲಗನ್’ ಕೆತ್ತನೆಗಳ ಚಿತ್ರ ನೋಡಿದಾಗಿನಿಂದ ಅವು ನನ್ನ ತಲೆಯಿಂದ ಹೋಗುತ್ತಿಲ್ಲ. (ನಮ್ಮ ‘ಮಲಗು’ವಿಗೂ ಇದಕ್ಕೂ ಸಂಬಂಧವಿಲ್ಲ, ಗೆಳೆಯನೊಬ್ಬ ಕೇಳಿಯೇಬಿಟ್ಟ.)

ಮಲಗನ್ ಅಂದರೆ ಕೆತ್ತನೆಯೂ ಹೌದು, ಅದಕ್ಕಾಗಿ ನಡೆಯುವ ಸಮಾರಂಭವೂ ಹೌದು. ಸಾವಿನ ಮರುದಿನ ಮಾಡುವಂಥದ್ದಲ್ಲ. ಗೆಣಸು ಬೆಳೆದು, ಹಂದಿ ಸಾಕಿ, ಊಟಕ್ಕೆ ಬೇಕಾದದ್ದನ್ನೆಲ್ಲ ಕೂಡಿಸಲು ವರ್ಷಗಳೇ ಹಿಡಿಯಬಹುದು. ಅಷ್ಟರಲ್ಲಿ ಬೇಲಿಯ ಮರೆಯಲ್ಲಿ ಕೆತ್ತನೆ ಸಾಗುತ್ತದೆ. ಹಗುರ ಮರದಲ್ಲಿ ಮನುಷ್ಯ, ಹಕ್ಕಿ, ಮೀನು, ಹಾವು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಕೆಂಪು, ಕಪ್ಪು, ಬಿಳಿ ಬಣ್ಣ. ಕಣ್ಣಿಗೆ ಸಮುದ್ರದ ಬಸವನಹುಳು ತನ್ನ ಚಿಪ್ಪಿನ ಬಾಯಿ ಮುಚ್ಚಿಕೊಳ್ಳುವ ಗಟ್ಟಿ ಮುಚ್ಚಳ. ಫೋಟೋದಲ್ಲೂ ಅದು ನಮ್ಮನ್ನೇ ನೋಡಿದ ಹಾಗಿರುತ್ತದೆ.

ಇಷ್ಟೆಲ್ಲ ಮಾಡಿದ್ದನ್ನು ಜನರಿಗೆ ತೋರಿಸುವುದು ಸ್ವಲ್ಪ ಹೊತ್ತು. ಆಮೇಲೆ ಸುಡುತ್ತಿದ್ದರು, ಇಲ್ಲವೇ ಕಾಡಿನಲ್ಲಿ ಕೊಳೆಯಲು ಬಿಡುತ್ತಿದ್ದರು. ಕೆಲಸ ಮುಗಿಯಿತು, ಶೋಕವೂ ಮುಗಿಯಿತು. 1884ರಿಂದ 1914ರವರೆಗೆ ಅಲ್ಲಿ ಜರ್ಮನರ ಆಡಳಿತವಿತ್ತು. ಹೊರಗಿನವರು ಕೊಳ್ಳಲು ಬಂದಾಗ ಕೆತ್ತನೆಗಳನ್ನು ಮಾರಿದರು. ಹೇಗೂ ಎಸೆಯುವುದು ತಾನೇ! ಹೀಗೆ ಬೂದಿಯಾಗಬೇಕಿದ್ದವು ಯುರೋಪಿನ ಮ್ಯೂಸಿಯಂಗಳ ಗಾಜಿನೊಳಗೆ ಉಳಿದಿವೆ. ಅದು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಉಳಿಯದಿದ್ದರೆ ನಾನು ನೋಡುತ್ತಿದ್ದುದಾದರೂ ಹೇಗೆ?

ಆದರೆ ಅವರು ಕಾಪಾಡುವುದು ಮರವನ್ನಲ್ಲ, ವಿನ್ಯಾಸವನ್ನು. ಪ್ರತಿಯೊಂದು ವಿನ್ಯಾಸಕ್ಕೂ ಹಕ್ಕುದಾರರಿರುತ್ತಾರೆ. ಹಕ್ಕಿಲ್ಲದವರು ಅದನ್ನು ಮಾಡಿಸುವಂತಿಲ್ಲ. ಸಮಾರಂಭದಲ್ಲೇ ಆ ಹಕ್ಕು ಮುಂದಿನವರ ಕೈಗೆ ಹೋಗುತ್ತದೆ. ಪಡೆದವರು ಕಂಡದ್ದನ್ನು ನೆನಪಿನಲ್ಲಿಟ್ಟುಕೊಂಡು, ಎಷ್ಟೋ ವರ್ಷಗಳ ನಂತರ ಇನ್ನೊಂದು ಸಾವಿಗೆ ಮತ್ತೆ ಕೆತ್ತಿಸುತ್ತಾರೆ.

ಇದನ್ನು ಓದುವಾಗ ನನ್ನ ಅಜ್ಜ ನೆನಪಾದರು. ಅವರು ಟೈಲರ್. ತೀರಿಕೊಂಡು ಎರಡು ವರ್ಷವಾಯಿತು. ಅವರ ಹೊಲಿಗೆ ಯಂತ್ರವನ್ನು ಮಾರುವುದೋ ಬೇಡವೋ ಎಂದು ಮನೆಯಲ್ಲಿ ಇನ್ನೂ ಜಗಳ. ಅಮ್ಮ ದಿನಾ ಅದರ ಧೂಳು ಒರೆಸುತ್ತಾರೆ, ಯಾರೂ ತುಳಿಯುವುದಿಲ್ಲ. ಅಜ್ಜ ಜುಬ್ಬಾದ ಕಾಲರನ್ನು ಅಳತೆಪಟ್ಟಿ ಇಲ್ಲದೆ, ಗೇಣಿನಲ್ಲೇ ಲೆಕ್ಕ ಹಾಕಿ ಕತ್ತರಿಸುತ್ತಿದ್ದರು. ಅದು ಈಗ ಚಿಕ್ಕಪ್ಪನೊಬ್ಬರಿಗೇ ಗೊತ್ತು. ಅವರು ಅಂಗಡಿ ಬಿಟ್ಟು ಡ್ರೈವರ್ ಆಗಿದ್ದಾರೆ. ಕಲಿಸಿ ಎಂದು ಕೇಳಿದ್ದೇನೆ. ಮೊದಲು ಪರೀಕ್ಷೆ ಮುಗಿಸು, ಹಳೆಯ ಬೆಡ್‌ಶೀಟ್ ಒಂದು ತೆಗೆದಿಡು ಎಂದಿದ್ದಾರೆ.