ಕೋನಸೀಮೆಯಲ್ಲಿ ಕೆಸರಿನ ತೂಕ

ಅಮಲಾಪುರದಿಂದ ರಾಜೋಲಿನ ದಾರಿ ಹಿಡಿದರೆ ಕಣ್ಣಿಗೆ ತೆಂಗು ಬಿಟ್ಟು ಬೇರೇನೂ ಬೀಳುವುದಿಲ್ಲ. ತೋಟದ ಬದಿಗೆ ಕಾಲುವೆ, ಕಾಲುವೆ ಕಳೆದರೆ ಗೋದಾವರಿಯ ಮತ್ತೊಂದು ಕವಲು. ಆ ಹಸಿರಿನ ಮೇಲೆ ತಟ್ಟನೆ ಕಬ್ಬಿಣದ ಗೋಪುರವೊಂದು ತಲೆಯೆತ್ತಿತು. ಅನಿಲದ ಬಾವಿ ಕೊರೆಯುವ ರಿಗ್! ಚಹಾದಂಗಡಿಯ ಹಿರಿಯರಿಗೆ ಅದೇನೂ ಸೋಜಿಗವಲ್ಲ. 1995ರ ಜನವರಿಯಲ್ಲಿ ಇಲ್ಲೇ ಪಾಸರ್ಲಪೂಡಿಯ ಬಾವಿ ಸಿಡಿದು ಹೊತ್ತಿಕೊಂಡದ್ದು, ಎರಡು ತಿಂಗಳು ಕಳೆದರೂ ಬೆಂಕಿ ಆರದೇ ಇದ್ದದ್ದು ಅವರಿಗೆ ನಿನ್ನೆಯ ಮಾತು.

ರಿಗ್ಗಿನಲ್ಲಿ ಆ ಗೋಪುರದ, ಅಂದರೆ ಡೆರಿಕ್ಕಿನ, ಎತ್ತರ ನೋಡಿ ಬೆರಗಾಗಲು ಸಿದ್ಧನಾಗಿ ಹೋಗಿದ್ದೆ. ಬೆರಗಾದದ್ದು ಕೆಸರಿಗೆ. ನೀರು, ಬೆಂಟೋನೈಟ್ ಜೇಡಿ, ಬ್ಯಾರೈಟ್ ಪುಡಿ ಕಲಸಿದ ಈ ಮಡ್ಡನ್ನು ಪಂಪು ಪೈಪಿನೊಳಗಿಂದ ತಳಕ್ಕೆ ನೂಕುತ್ತದೆ. ಪೈಪಿನ ತುದಿಯಲ್ಲಿ ಕಲ್ಲು ಕೊರೆಯುವ ಬಿಟ್ಟಿನ ತೂತುಗಳಿಂದ ಚಿಮ್ಮಿದ ಮಡ್ಡು ಕೊರೆದ ಕಲ್ಲಿನ ಚೂರುಗಳನ್ನು ಹೊತ್ತು, ಪೈಪಿಗೂ ಬಾವಿಯ ಗೋಡೆಗೂ ನಡುವಿನ ಸಂದಿಯಲ್ಲಿ ಮೇಲೇರಿ ಬರುತ್ತದೆ. ಎಂಟೂವರೆ ಇಂಚಿನ ಬಾವಿ, ಐದಿಂಚಿನ ಪೈಪು. ಸುತ್ತ ಉಳಿಯುವುದು ಒಂದೂಮುಕ್ಕಾಲು ಇಂಚು. ಆ ಇಕ್ಕಟ್ಟಿನಲ್ಲಿ ಮೂರು ಕಿಲೋಮೀಟರಿಗೂ ಮೀರಿದ ಏರುದಾರಿ!

“ಇದರ ತೂಕ ಎಷ್ಟು ಹೇಳಿ ಸಾರ್” ಎಂದರು ಮಡ್ ಎಂಜಿನಿಯರ್, ತಕ್ಕಡಿಯ ಲೋಟಕ್ಕೆ ಮಡ್ಡು ಸುರಿಯುತ್ತ. ತಕ್ಕಡಿ 1.40 ತೋರಿಸಿತು, ಅಂದರೆ ನೀರಿನ 1.4 ಪಟ್ಟು. “ಇದು ನಿಂತಾಗ. ಹರಿಯುವಾಗ ಬಾವಿಯ ತಳಕ್ಕೆ 1.45.”

ಹರಿದರೆ ಭಾರ ಹೆಚ್ಚುವುದೇ? ಜಾತ್ರೆಯ ದಿನ ಗುಡಿಯ ಇಕ್ಕಟ್ಟಾದ ಓಣಿಯಲ್ಲಿ ಮುಂದಿನವರನ್ನು ಸರಿಸಬೇಕಾದ ಒತ್ತಡವೆಲ್ಲ ಹಿಂದೆ ನಿಂತವರ ಮೈಮೇಲೆ ಬೀಳುತ್ತದಲ್ಲ, ಹಾಗೆ. ಮೇಲೇರುವ ಮಡ್ಡು ಗೋಡೆಗೆ ಉಜ್ಜುತ್ತದೆ. ಆ ಉಜ್ಜಾಟವನ್ನು ಗೆಲ್ಲಲು ಬೇಕಾದ ಒತ್ತಡ ತಳದಲ್ಲೇ ಇರಬೇಕು. ಲೆಕ್ಕ ಕಾಗದದ ಚೂರಿನಲ್ಲೇ ಮುಗಿಯಿತು. ಲಂಬ ಆಳ 3000 ಮೀಟರ್. ನಿಂತ ಮಡ್ಡಿನ ಒತ್ತಡ ಚದರ ಸೆಂಟಿಮೀಟರಿಗೆ 420 ಕೆಜಿ. ಸಂದಿಯ ಉಜ್ಜಾಟಕ್ಕೆ 15. ಹದಿನೈದನ್ನು ಹತ್ತರಿಂದ ಗುಣಿಸಿ 3000ದಿಂದ ಭಾಗಿಸಿದರೆ 0.05. ಅದನ್ನು 1.40ಕ್ಕೆ ಕೂಡಿಸಿದ್ದೇ ಇಸಿಡಿ, ಅಂದರೆ ಹರಿಯುವಾಗಿನ ಸಮಾನ ಸಾಂದ್ರತೆ.

ಆದರೆ ಪಂಪಿನ ಮಾಪಕ 190 ತೋರಿಸುತ್ತಿತ್ತು! ಮಿಕ್ಕದ್ದೆಲ್ಲ ಪೈಪಿನೊಳಗೆ, ಬಿಟ್ಟಿನ ತೂತುಗಳಲ್ಲಿ ಸವೆದು ಹೋಗುತ್ತದಂತೆ. ಇಳಿಯುವ ದಾರಿಯ ಖರ್ಚು ಬಾವಿಯ ಗೋಡೆಗೆ ಗೊತ್ತೇ ಆಗುವುದಿಲ್ಲ, ಏರುವ ದಾರಿಯದಷ್ಟೇ ಲೆಕ್ಕಕ್ಕೆ. ಇನ್ನೊಂದು ಸೋಜಿಗ: ಈ ಬಾವಿ ಓರೆ. ಕೊರೆದ ಉದ್ದ 3400 ಮೀಟರ್. ಉಜ್ಜಾಟ ಆ ಉದ್ದಕ್ಕೂ ಬೆಳೆಯುತ್ತದೆ, ಭಾಗಿಸುವುದು ಮಾತ್ರ ಲಂಬ ಆಳದಿಂದ.

ಈ 0.05ಕ್ಕೆ ಇಷ್ಟೊಂದು ತಲೆಬಿಸಿ ಏಕೆಂದು ಪೈಪು ಜೋಡಿಸುವಾಗ ತಿಳಿಯಿತು. ಪಂಪು ನಿಂತಿತು. ತಳದ ಒತ್ತಡ 435ರಿಂದ 420ಕ್ಕೆ ಜಾರಿರಬೇಕು. ಹುಡುಗರು ಪೈಪು ತಿರುಪಿದರು. ತುಸು ನಿಂತರೂ ಮಡ್ಡು ಹೆಪ್ಪುಗಟ್ಟುವುದರಿಂದ ಡ್ರಿಲ್ಲರ್ ಪೈಪನ್ನು ತಿರುಗಿಸುತ್ತ ಪಂಪನ್ನು ಮೆಲ್ಲಗೆ ಎಬ್ಬಿಸಿದ; ಒಮ್ಮೆಗೇ ಎಬ್ಬಿಸಿದರೆ ಒತ್ತಡ ಏರಿ ಕಲ್ಲು ಸೀಳಬಹುದು. ಸೀಳುವ ಮಿತಿ ಇಲ್ಲಿ 1.50. ಸುಮಾರು ಮುಕ್ಕಾಲು ಗಂಟೆ ಕಳೆದ ಮೇಲೆ ಲಾಗಿಂಗ್ ಕೋಣೆಯ ಪರದೆಯಲ್ಲಿ ಗ್ಯಾಸಿನ ಗೆರೆ ಚೂಪಾಗಿ ಎದ್ದು ಇಳಿಯಿತು. ಪಂಪು ನಿಂತ ಆ ಅರೆಗಳಿಗೆಯ ಬಿಡುವಿನಲ್ಲಿ ಕಲ್ಲಿನೊಳಗಿಂದ ನುಸುಳಿದ ಅನಿಲ, ಮಡ್ಡಿನ ಜೊತೆ ಮೂರು ಕಿಲೋಮೀಟರಿಗೂ ಮಿಕ್ಕಿ ಪಯಣ ಮಾಡಿ ಈಗಷ್ಟೇ ತಲುಪಿತ್ತು! ನಾನು ನಿಂತಲ್ಲೇ ನಿಂತುಬಿಟ್ಟೆ. ಅಲ್ಲಿನವರು ಸಮಯ ಬರೆದುಕೊಂಡರು.

ಪಂಪು ನಿಂತಾಗಲೂ ಅನಿಲ ನುಸುಳದಂತೆ ಮಡ್ಡನ್ನು 1.42ಕ್ಕೆ ಏರಿಸುವುದೆಂದು ತೀರ್ಮಾನವಾಯಿತು. ಹರಿಯುವಾಗ 1.47, ಮಿತಿಗೆ ಇನ್ನೂ ಕೂದಲೆಳೆ ಬಾಕಿ. ಪಂಪಿನ ವೇಗ ತಗ್ಗಿಸಿ ಉಜ್ಜಾಟ ಇಳಿಸೋಣವೆಂದರೆ ಚೂರುಗಳು ಮೇಲೆ ಬರದೆ ತಳದಲ್ಲೇ ಕೂರುತ್ತವೆ. ತೂಕ ಏರಿಸಲು ಘನಮೀಟರಿಗೆ 30 ಕೆಜಿ ಬ್ಯಾರೈಟ್, ಒಟ್ಟು 150 ಘನಮೀಟರ್ ಮಡ್ಡು: ನಾಲ್ಕೂವರೆ ಟನ್. ಇದೇ ಆಂಧ್ರದ ಮಂಗಂಪೇಟೆಯಲ್ಲಿ ಬ್ಯಾರೈಟಿನ ದೊಡ್ಡ ಗಣಿಯೇ ಇದೆ. ಹುಡುಗರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಚೀಲ ಸೀಳತೊಡಗಿದರು.