ಮಡ್ಡಿಯ ಮನೆಗೆ ಬರುವ ದಾರಿ

ವಿಜಯಪುರದಲ್ಲಿ ನೆಲೆಸಿರುವ ನಮ್ಮ ಬಂಧುಬಾಂಧವರು ಇತ್ತ ಬರುವ ಮುನ್ನ ದೂರವಾಣಿಯಲ್ಲಿ ಕೇಳುವ ಪ್ರಶ್ನೆ ಒಂದೇ: "ಗುಡ್ಡದ ಮನಿಗೆ ಹ್ಯಾಂಗ ಬರಬೇಕ್ರಿ?" ಮಲೆನಾಡಿನವರು ಈ ಗುಡ್ಡವನ್ನು ಕಂಡರೆ ನಕ್ಕಾರು. ತಿಕೋಟಾ ಮತ್ತು ಬಬಲೇಶ್ವರಗಳ ನಡುವೆ, ಡೋಣಿಯ ದಂಡೆಯ ಎರೆಹೊಲಗಳು ಮುಗಿದ ಮೇಲೆ ಮೆಲ್ಲನೆ ಏರುತ್ತ ಹೋಗುವ ಗರಸುನೆಲವದು. ನಮ್ಮ ಕಡೆಯ ಮಾತಿನಲ್ಲಿ ಮಡ್ಡಿ. ಬಯಲುಸೀಮೆಯವರಿಗೆ ನಾಲ್ಕು ದಿಕ್ಕೂ ಕಾಣುವ ಎತ್ತರವೆಲ್ಲವೂ ಗುಡ್ಡವೇ. ಅಲ್ಲಿ ಹಿರಿಯರು ಕಟ್ಟಿಸಿದ ಕಲ್ಲಿನ ಮನೆಯೊಂದಿದೆ. ಅಧ್ಯಾಪನದಿಂದ ನಿವೃತ್ತನಾದ ಮೇಲೆ ನಾನು ಅಲ್ಲಿಯೇ ಇದ್ದೇನೆ. ಬರುವವರಿಗೆ ದಾರಿ ಹೇಳುವ ಕೆಲಸ ತಾನಾಗಿಯೇ ನನ್ನ ಪಾಲಿಗೆ ಬಂದಿದೆ.

ದಾರಿಗಳು ಎರಡು. ಅಥಣಿ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್ ಪಶ್ಚಿಮಕ್ಕೆ ಬಂದು ತಿಕೋಟಾದಲ್ಲಿ ಇಳಿಯುವುದು ಒಂದು. ಜಮಖಂಡಿಯ ಕಡೆ ಹೋಗುವ ಬಸ್ಸು ಹಿಡಿದು, ಡೋಣಿಯನ್ನು ದಾಟಿ ಬಬಲೇಶ್ವರದಲ್ಲಿ ಇಳಿಯುವುದು ಇನ್ನೊಂದು. ಈ ಎರಡೂ ಊರುಗಳು 2017ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿ ಈಗ ತಾಲ್ಲೂಕು ಕೇಂದ್ರಗಳಾಗಿವೆ. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಬಸ್ಸುಗಳಲ್ಲದೆ ಟಂಟಂಗಳೂ ಕ್ರೂಸರ್‌ಗಳೂ ಸೀಟು ತುಂಬಿದೊಡನೆ ಹೊರಡುತ್ತವೆ. ಬೆಂಗಳೂರಿನಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಬರುವವರು ರೈಲು ನಿಲ್ದಾಣದಿಂದ ಬಸ್ ನಿಲ್ದಾಣಕ್ಕೆ ಆಟೋ ಹಿಡಿದರಾಯಿತು. ಇಷ್ಟನ್ನು ಯಾರು ಬೇಕಾದರೂ ಹೇಳಿಯಾರು. ತೊಂದರೆ ಇರುವುದು ಡಾಂಬರು ಮುಗಿದ ಮೇಲಿನ ಮೂರು ಕಿಲೋಮೀಟರಿನಲ್ಲಿ.

ತಿಕೋಟಾದ ಕಡೆಯಿಂದ ಬರುವ ದಾರಿ ಸುತ್ತು. ಆದರೆ ಅದು ಮಡ್ಡಿಯ ಮೇಲಿನದು. ಗರಸುನೆಲ ನೀರನ್ನು ನಿಲ್ಲಗೊಡುವುದಿಲ್ಲ. ಮಳೆ ನಿಂತು ಒಂದು ತಾಸು ಕಳೆದರೆ ಬೈಕೂ ಬರಬಲ್ಲದು, ಕಾರೂ ಬರಬಲ್ಲದು. ಬಬಲೇಶ್ವರದ ಕಡೆಯದು ಹತ್ತಿರದ ದಾರಿ. ಆದರೆ ಅದು ಎರೆಹೊಲಗಳ ನಡುವಿನ ಬಂಡಿಜಾಡು. ಎರೆಮಣ್ಣು ನೀರು ಕುಡಿದು ಉಬ್ಬುವ ಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಆ ನೆಲವೇ ಒಂದು ಹದ ಮಳೆಗೆ ಅಂಟಾಗಿ, ಬೈಕಿನ ಗಾಲಿಗೂ ಮಡ್ಗಾರ್ಡಿಗೂ ನಡುವೆ ತುಂಬಿಕೊಂಡು ಗಾಲಿ ತಿರುಗದಂತೆ ಮಾಡುತ್ತದೆ. ಡೋಣಿಗೆ ನೆರೆ ಬಂದರಂತೂ ತಗ್ಗಿನ ಸೇತುವೆಗಳು ಮುಳುಗಿ ದಾರಿಯೇ ಇಲ್ಲವಾಗುತ್ತದೆ. ಮೊಬೈಲಿನ ನಕ್ಷೆಗೆ ಈ ಮಣ್ಣಿನ ಭೇದ ತಿಳಿಯದು. ಹತ್ತಿರವೆಂದು ಅದು ತೋರಿಸಿದ ಜಾಡನ್ನು ನಂಬಿ ಕಳೆದ ವರ್ಷ ನಗರದಿಂದ ಬಂದ ಕಾರೊಂದು ಅಚ್ಚಿನವರೆಗೆ ಹೂತುಹೋಗಿತ್ತು. ಟ್ರ್ಯಾಕ್ಟರ್ ತಂದು ಎಳೆಸುವಷ್ಟರಲ್ಲಿ ಮನೆಯಲ್ಲಿ ಬಡಿದಿಟ್ಟ ರೊಟ್ಟಿಗಳೆಲ್ಲ ತಣ್ಣಗಾಗಿದ್ದವು.

ನಾನು ಮಠದ ವಿದ್ಯಾರ್ಥಿಯಾಗಿದ್ದ ಕಾಲ 1972ರ ಬರಗಾಲದ ಆಚೀಚಿನ ವರ್ಷಗಳು. ಗದಗ–ಹೋಟಗಿ ಮಾರ್ಗ ಆಗಿನ್ನೂ ಮೀಟರ್ ಗೇಜು. ನಿಲ್ದಾಣದ ಮುಂದೆ ಟಾಂಗಾಗಳ ಸಾಲು. ಹಳ್ಳಿಯ ಮಠಕ್ಕೆ ಅತಿಥಿಗಳು ಬರುವ ಸುದ್ದಿ ಒಂದು ಕಾರ್ಡಿನಲ್ಲಿ ತಲುಪುತ್ತಿತ್ತು. ಆ ದಿನ ಸಂಜೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು, ಕಂದೀಲು ಹಿಡಿದು, ನಮ್ಮಲ್ಲಿ ಇಬ್ಬರು ಹುಡುಗರು ಬಸ್ಸು ನಿಲ್ಲುವ ಬೇವಿನ ಮರದ ಕೆಳಗೆ ಕಾಯುತ್ತಿದ್ದೆವು. ಬಸ್ಸು ಬಾರದಿದ್ದರೆ ಮರುದಿನವೂ ಹೋಗುತ್ತಿದ್ದೆವು. ಬಂದವರಿಗೆ ದಾರಿಯ ವಿವರ ತಿಳಿದಿರಬೇಕಾದ ಅವಶ್ಯಕತೆಯೇ ಇರಲಿಲ್ಲ. ಈಗ ಮನೆಮನೆಗೂ ಬೈಕುಗಳಾಗಿವೆ, ಬಂಡಿಗಳು ಮೂಲೆ ಸೇರಿವೆ. "ಬಂದು ಇಳಿದು ಫೋನ್ ಮಾಡ್ರಿ, ಹುಡುಗನ್ನ ಕಳಸ್ತೀವಿ" ಎನ್ನುವುದು ರೂಢಿ. ಸ್ವಂತ ವಾಹನವುಳ್ಳವರಿಗೆ ಇದರಿಂದ ಬಾಧೆಯಿಲ್ಲ. ಬಾಧೆಗೆ ಸಿಕ್ಕವರು ಬಸ್ಸನ್ನೇ ನೆಚ್ಚಿದ ವಯಸ್ಸಾದವರು.

ನಮ್ಮ ಅಕ್ಕನನ್ನು ಕೊಟ್ಟದ್ದು ವಿಜಯಪುರಕ್ಕೆ. ಎಪ್ಪತ್ತು ದಾಟಿದ ಜೀವ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾದ ಮೇಲೆ, ಯಾರ ಕೈಯನ್ನೂ ನೋಡದೆ ತವರಿಗೆ ಬರುವ ಉತ್ಸಾಹ ಆಕೆಗೆ. ಆ ವರ್ಷ ನಾಗರಪಂಚಮಿಗೆ ತಂಬಿಟ್ಟು, ಶೇಂಗಾ ಉಂಡಿಗಳ ಚೀಲ ಹಿಡಿದು ಹೊರಟಳು. ತಿಕೋಟಾದ ಬಸ್ಸು ತಪ್ಪಿತೆಂದು ಬಬಲೇಶ್ವರದ ಬಸ್ಸು ಹತ್ತಿದಳು. ಅಲ್ಲಿಂದ ಟಂಟಂ ಹಿಡಿದು ಜಾಡಿನ ಬಾಯಿಗೆ ಇಳಿದಾಗ ಹೊತ್ತು ಮುಳುಗುತ್ತಿತ್ತು. ಹಿಂದಿನ ರಾತ್ರಿ ಮಳೆಯಾಗಿತ್ತು. ಆ ತಗ್ಗಿನಲ್ಲಿ ಮೊಬೈಲಿಗೆ ಸಿಗ್ನಲ್ ದೊರೆಯುವುದಿಲ್ಲ. ಇತ್ತ ನಾವು, ಕರೆ ಬರಲಿ ಎಂದು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದೆವು. ಎರಡೂ ಚಪ್ಪಲಿಗಳನ್ನು ಎರೆಮಣ್ಣಿಗೆ ಒಪ್ಪಿಸಿ, ಒಡ್ಡಿನ ಮೇಲೆ ಕುಳಿತಿದ್ದ ಆಕೆಯನ್ನು ಕುರಿ ಹೊಡೆದುಕೊಂಡು ಬರುತ್ತಿದ್ದ ಹುಡುಗನೊಬ್ಬ ಕಂಡು, ಚೀಲ ಹೊತ್ತುಕೊಂಡು ಮನೆಗೆ ಕರೆತಂದ.

"ಕಾಲಿಗೆ ತುಸು ಕೆಸರ ಹತ್ತೇತಿ ತಮ್ಮಾ, ಮತ್ತೇನಿಲ್ಲ" ಎಂದಳು ಅಕ್ಕ. ಬಿಸಿನೀರಿನಲ್ಲಿ ಆಕೆಯ ಕಾಲು ತೊಳೆಯುವಾಗ ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿದಿರುವುದು ಕಂಡಿತು. ನನಗೆ ಮಾತು ಹೊರಡಲಿಲ್ಲ. ಮರುವರ್ಷ ಪಂಚಮಿಗೆ ಮಂಡಿನೋವೆಂದು ಹೇಳಿ ಬರಲಿಲ್ಲ. ಮಂಡಿಯ ನೋವು ನಿಜವೇ ಇದ್ದೀತು. ಆದರೂ ಜೋಕಾಲಿ ಕಟ್ಟಿದ ಮರದ ಕೆಳಗೆ ಆ ದಿನ ನಿಲ್ಲಲು ನನಗೆ ಮನಸ್ಸಾಗಲಿಲ್ಲ.

ಆ ಬಳಿಕ ಮನೆಯಲ್ಲಿ ಒಂದು ಕಟ್ಟು ಮಾಡಿಕೊಂಡಿದ್ದೇವೆ. ಬರುವವರು ವಿಜಯಪುರದಲ್ಲಿ ಬಸ್ಸು ಹತ್ತಿದೊಡನೆ ತಿಳಿಸಬೇಕು. ಇಳಿದ ಮೇಲೆ ಅಲ್ಲ. ಆ ಕರೆ ಬಂದ ಕೂಡಲೇ ಮನೆಯ ಒಬ್ಬರು ತಿಕೋಟಾಕ್ಕೆ ಹೊರಡುತ್ತಾರೆ. ವಯಸ್ಸಾದವರಿದ್ದರೆ ಬೈಕು ಬೇಡ, ಅಲ್ಲಿಂದಲೇ ಟಂಟಂ ಮಾತಾಡಿ ಮಡ್ಡಿಯ ದಾರಿಯಲ್ಲಿ ಅಂಗಳದವರೆಗೆ ಕರೆತರುವುದು. ಅದರ ಬಾಡಿಗೆ ಮನೆಯವರದು, ಅತಿಥಿಗಳದಲ್ಲ. ತಮ್ಮನ ಮಗ ಮೊದಮೊದಲು ಗೊಣಗಿದ; ಈಗ ಅವನೇ ಬಸ್ಸಿನ ವೇಳೆ ಕೇಳಿ ಇಟ್ಟುಕೊಳ್ಳುತ್ತಾನೆ.

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಅಕ್ಕ ಬರುತ್ತೇನೆಂದಿದ್ದಾಳೆ. ಆಗ ಎರೆ ಒಣಗಿ ಬಂಡಿಜಾಡೂ ಗಟ್ಟಿಯಾಗಿರುತ್ತದೆ. ಹಗಲು ಬರುವವರು ಯಾವ ದಾರಿಯಿಂದ ಬಂದರೂ ಅಡ್ಡಿಯಿಲ್ಲ. ಶೀತಕಾಲದಲ್ಲಿ ಹೊತ್ತು ಬೇಗ ಮುಳುಗುವುದರಿಂದ, ಸಂಜೆಯ ಬಸ್ಸಿಗೆ ಬರುವವರು ತಿಕೋಟಾದಲ್ಲಿಯೇ ಇಳಿಯಲಿ. ನಾನು ನಿಲ್ದಾಣದಲ್ಲಿರುತ್ತೇನೆ.