ಮುಧೋಳದ ದಾರಿಯಲ್ಲೊಂದು ಕೆಂಪು ಮುಖ

ಮುಧೋಳ ಎಂದೊಡನೆ "ರನ್ನನ ಊರೇ? ಬೇಟೆನಾಯಿಗಳ ಊರೇ?" ಎಂದು ಕೇಳುವವರೇ ಹೆಚ್ಚು. ಅದು ಬಾಗಲಕೋಟೆ ಜಿಲ್ಲೆಯ ಮುಧೋಳ. ನಾನು ಹೇಳಹೊರಟಿರುವುದು ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಮುಧೋಳದ ಮಾತು. ತೆಲಂಗಾಣದ ಗಡಿ ಇಲ್ಲಿಗೆ ಹತ್ತಿರ. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ವ್ಯಾಪಾರದಲ್ಲಿ ಕಿವಿಗೆ ಬೀಳುತ್ತವೆ. ಕಳೆದ ಚಳಿಗಾಲದ ಒಂದು ಭಾನುವಾರ ನಾನು ಅಲ್ಲಿಗೆ ಹೋದದ್ದು ಊರು ನೋಡಲೆಂದಲ್ಲ. ಒಬ್ಬ ಹುಡುಗನಿಗೆ ಕೊಟ್ಟ ತಪ್ಪು ಉತ್ತರವನ್ನು ತಿದ್ದಿಕೊಳ್ಳಲೆಂದು.

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಇಂಗಾಲದ ಸಂಯುಕ್ತಗಳ ಪಾಠವಿದೆ. ಅದರಲ್ಲಿ ಎಥನಾಲ್ ಬರುತ್ತದೆ. ಆ ಪಾಠ ಬಂದಾಗ ತರಗತಿಯಲ್ಲಿ ಒಂದು ಸಣ್ಣ ನಗೆ ಏಳುವುದು ನನ್ನ ಮೂವತ್ತು ವರ್ಷದ ಅನುಭವ. ಈ ಸಲ ನಗದೆ ಕುಳಿತವನು ಒಬ್ಬನೇ, ಹಾಸ್ಟೆಲಿನ ಹುಡುಗ. ಎದ್ದು ನಿಂತು ಕೇಳಿದ: "ಸರ್, ಕುಡದ್ರ ಕೆಲವ್ರಿಗಿ ಮಾರಿ ಕೆಂಪಗ ಯಾಕ ಆಗ್ತದ್ರಿ? ನಮ್ಮಪ್ಪಗ ದೀಪಾವಳಿ ಆದ ಮ್ಯಾಲಿಂದ ಹಂಗೇ ಆಗ್ಲಿಕತ್ತದ."

ಹಿಂದಿನ ಬೆಂಚಿನಿಂದ "ಛಲೋ ಮಾಲ್ ಕುಡದಾನ" ಎಂಬ ಉತ್ತರ ಬಂತು. ಅದನ್ನು ಗದರಿ, ಕೆಲವರಿಗೆ ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆ ಇರುತ್ತದೆ, ಅದಕ್ಕೇ ಹಾಗಾಗುತ್ತದೆ ಎಂದು ಹೇಳಿ ಪಾಠ ಮುಂದುವರಿಸಿದೆ. ಅದು ಬುಧವಾರ. ಶುಕ್ರವಾರ ರಾತ್ರಿ ಊಟಕ್ಕೆ ಕುಳಿತಾಗ ಕೈ ತಟ್ಟೆಯಲ್ಲೇ ನಿಂತಿತು. ಹುಟ್ಟಿನಿಂದ ಬಂದ ಕೊರತೆ ದೀಪಾವಳಿಗೆ ಶುರುವಾಗುವುದು ಹೇಗೆ?

ಸೇಡಂ ಬಿಟ್ಟರೆ ಸಿಮೆಂಟಿನ ಧೂಳು ಹಿಂದೆ ಉಳಿದು ತೊಗರಿ ಹೊಲಗಳು ಬರುತ್ತವೆ. ಮನೆಯ ಗೋಡೆಗೂ ಅಂಗಳಕ್ಕೂ ಹಾಸುಗಲ್ಲೇ. ದೇಶವೆಲ್ಲ ಶಹಾಬಾದ್ ಕಲ್ಲು ಎಂದು ಕೊಳ್ಳುವುದು ಇಂಥದ್ದನ್ನೇ. ಹಳ್ಳದ ಬದಿಗೆ ಈಚಲು ಮರಗಳು. ಮಕ್ಕಳೊಂದಿಗೆ ಇಂಥ ದಾರಿಯಲ್ಲಿ ಹೋಗುವ ಪಾಲಕರು ಒಮ್ಮೆ ಹಳೆಯ ಈಚಲು ಮರದ ಹತ್ತಿರ ನಿಲ್ಲಬೇಕು. ರಸ ಇಳಿಸುವವರು ಒಂದು ವರ್ಷ ಈ ಮಗ್ಗುಲು ಕೆತ್ತಿದರೆ ಮರುವರ್ಷ ಆ ಮಗ್ಗುಲು ಕೆತ್ತುತ್ತಾರೆ. ಹೀಗಾಗಿ ಕಾಂಡ ಗರಗಸದ ಹಲ್ಲಿನಂತೆ ಅಂಕುಡೊಂಕಾಗುತ್ತದೆ. ಹಲ್ಲುಗಳನ್ನು ಎಣಿಸಿದರೆ ಎಷ್ಟು ವರ್ಷ ರಸ ಇಳಿಸಿದರೆಂದು ತಿಳಿಯುತ್ತದೆ. ಅನೇಕ ಮರಗಳಲ್ಲಿ ಒಂದು ಎತ್ತರದ ಮೇಲೆ ಹಲ್ಲುಗಳಿಲ್ಲ, ಕಾಂಡ ನೆಟ್ಟಗಿದೆ. ಈ ಕಡೆ ಸೇಂದಿ ನಿಂತ ಕಾಲವನ್ನು ಮರವೇ ಬರೆದಿಟ್ಟುಕೊಂಡಿದೆ. ಸಾರಾಯಿ 2007ರ ಜುಲೈ 1ರಂದು ರಾಜ್ಯದಲ್ಲಿ ನಿಂತಿತು. ಕುಡಿತ ಮಾತ್ರ ನಿಲ್ಲಲಿಲ್ಲ. ಈಗ ಸಣ್ಣ ಕಾಗದದ ಪೊಟ್ಟಣದಲ್ಲಿ ಬರುತ್ತದೆ.

ಸೇಂದಿಯ ಮಡಕೆಯೇ ಹುಡುಗನ ಪ್ರಶ್ನೆಗೆ ಅರ್ಧ ಉತ್ತರ. ಬೆಳಗಿನ ಜಾವ ಇಳಿಸಿದ ರಸ ಸಿಹಿ. ಬಿಸಿಲೇರಿದಂತೆ ಯೀಸ್ಟ್ ಸಕ್ಕರೆಯನ್ನು ಮದ್ಯಸಾರ ಮಾಡುತ್ತದೆ. ಇನ್ನೂ ಬಿಟ್ಟರೆ ಬ್ಯಾಕ್ಟೀರಿಯಾಗಳು ಅದನ್ನು ಹುಳಿ ಮಾಡುತ್ತವೆ, ಅಂದರೆ ಅಸಿಟಿಕ್ ಆಮ್ಲ, ವಿನೆಗರ್. ಮದ್ಯಸಾರ ಒಂದೇ ನೆಗೆತಕ್ಕೆ ಆಮ್ಲವಾಗುವುದಿಲ್ಲ. ನಡುವೆ ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಬರುತ್ತದೆ. ನಮ್ಮ ಲಿವರಿನಲ್ಲಿ ನಡೆಯುವುದೂ ಇದೇ ದಾರಿಯ ಪ್ರಯಾಣ. ಮೊದಲ ಕಿಣ್ವ ಮದ್ಯಸಾರವನ್ನು ಅಸಿಟಾಲ್ಡಿಹೈಡ್ ಮಾಡುತ್ತದೆ, ಎರಡನೆಯದು ಅದನ್ನು ನಿರುಪದ್ರವಿ ಅಸಿಟೇಟ್ ಮಾಡುತ್ತದೆ.

ವಾಡಿ ಜಂಕ್ಷನ್ ನೋಡಿದವರಿಗೆ ಇದು ಸುಲಭ. ಒಂದು ಎಂಜಿನ್ ಗೂಡ್ಸ್ ಡಬ್ಬಿಗಳನ್ನು ತಂದು ಯಾರ್ಡಿನಲ್ಲಿ ಬಿಡುತ್ತದೆ, ಇನ್ನೊಂದು ಅವನ್ನು ಸಿಕಂದರಾಬಾದಿನ ಕಡೆಗೆ ಎಳೆಯುತ್ತದೆ. ಎರಡನೆಯ ಎಂಜಿನ್ ಕೆಟ್ಟರೆ ಯಾರ್ಡು ತುಂಬುತ್ತದೆ. ಅಸಿಟಾಲ್ಡಿಹೈಡ್ ರಕ್ತದಲ್ಲಿ ಹಾಗೆ ತುಂಬಿದಾಗ ಚರ್ಮದ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ. ಮುಖ, ಕಿವಿ, ಕತ್ತು ಕೆಂಪಾಗಿ ಬಿಸಿಯಾಗುತ್ತವೆ. ಎದೆ ಬಡಿದುಕೊಳ್ಳುತ್ತದೆ, ಹೊಟ್ಟೆ ತೊಳಸುತ್ತದೆ. ನಮ್ಮಂಥ ಕಪ್ಪು ಬಣ್ಣದವರಲ್ಲಿ ಕೆಂಪು ಅಷ್ಟಾಗಿ ಕಾಣದಿದ್ದರೂ ಬಿಸಿಯೂ ನಾಡಿಯ ಓಟವೂ ಇರುತ್ತವೆ.

ಚೀನಾ, ಜಪಾನ್, ಕೊರಿಯಾಗಳಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಈ ಎರಡನೆಯ ಕಿಣ್ವ ಹುಟ್ಟಿನಿಂದಲೇ ದುರ್ಬಲ. ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ. ಇಡೀ ಜಗತ್ತಿನಲ್ಲಿ ಅಂಥವರು ಸುಮಾರು 54 ಕೋಟಿ ಎಂದು ಅಂದಾಜು. ಕೆಂಪಾದರೂ ಬಿಡದೆ ಕುಡಿಯುವವರಿಗೆ ಅನ್ನನಾಳದ ಕ್ಯಾನ್ಸರಿನ ಭಯ ಹೆಚ್ಚು. ದಕ್ಷಿಣ ಭಾರತದಲ್ಲಿ ಈ ವಂಶವಾಹಿ ಬಹಳ ಅಪರೂಪ. ಹಾಗೆಂದು ಕೆಂಪಾಗದವರು ಬದುಕಿದರೆಂದಲ್ಲ. ಅವರ ದೇಹ ಮೊದಲೇ ಕೂಗಿ ಹೇಳುವುದಿಲ್ಲ, ಅಷ್ಟೆ. ಅಂದಮೇಲೆ ಹದಿನೈದು ವರ್ಷ ಕೆಂಪಾಗದೆ ಕುಡಿದವನ ಎರಡನೆಯ ಎಂಜಿನ್ನನ್ನು ಈಗ ಯಾರೋ ನಿಲ್ಲಿಸಿರಬೇಕು.

ಹುಡುಗನ ಮನೆ ಊರಿನ ಕೊನೆಗೆ. ತಂದೆ ಕಟ್ಟೆಯ ಮೇಲೆ ಗೋಡೆಗೊರಗಿ ಕುಳಿತಿದ್ದ. ಹಿಂದಿನ ಸಂಜೆ ಎರಡು ಸಲ ವಾಂತಿ, ಎದೆ ಹಿಡಿದುಕೊಂಡು ಬಿದ್ದಿದ್ದನಂತೆ. ತಾಯಿ ಒಳಗಿನಿಂದ ಚಹಾ ತಂದರು. ನಾನು ಮೆಲ್ಲಗೆ, "ತಂಗಿ, ಇವ್ರಿಗಿ ಏನರ ಗುಳಿಗಿ ಕೊಡ್ಲಿಕತ್ತೀರೇನ್?" ಎಂದೆ. ಆಕೆಯ ಕಣ್ಣು ಮೊದಲು ಗಂಡನ ಕಡೆ ಹೋಯಿತು. ಒಲೆಯ ಹಿಂದಿನ ಡಬ್ಬಿಯಿಂದ ಸೆರಗಿನ ಮರೆಯಲ್ಲಿ ತಂದು ತೋರಿಸಿದ ಹಾಳೆಯ ಮೇಲೆ ಡೈಸಲ್ಫಿರಾಂ ಎಂದಿತ್ತು. ಸಂಬಂಧಿಕರೊಬ್ಬರು ತಂದುಕೊಟ್ಟದ್ದು. ದಿನಾ ಪುಡಿ ಮಾಡಿ ಬ್ಯಾಳಿಯಲ್ಲಿ ಕಲಸುತ್ತಿದ್ದರು. "ಅವ್ರಿಗಿ ಗೊತ್ತಿಲ್ರಿ ಅಣ್ಣಾರ. ಗೊತ್ತಾದ್ರ ಕೊಂದೇ ಬಿಡ್ತಾರ. ಬ್ಯಾರೆ ಏನ್ ಮಾಡ್ಲಿ ನಾ?"

ಆ ಪ್ರಶ್ನೆಗೆ ಬಿಎಸ್ಸಿ, ಬಿಎಡ್‌ಗಳಲ್ಲಿ ಉತ್ತರವಿಲ್ಲ.

ಈ ಗುಳಿಗೆಯ ಹುಟ್ಟೂ ಒಂದು ಕಥೆ. 1937ರಲ್ಲಿ ಅಮೆರಿಕದ ಒಬ್ಬ ವೈದ್ಯ, ರಬ್ಬರ್ ಉದ್ಯಮದಲ್ಲಿ ಬಳಸುವ ಈ ಬಗೆಯ ರಾಸಾಯನಿಕ ತಾಗಿದ ಕಾರ್ಮಿಕರಿಗೆ ಮದ್ಯ ಸೇರುವುದಿಲ್ಲವೆಂದು ಬರೆದ. ಮುಂದೆ ಡೆನ್ಮಾರ್ಕಿನ ಹಾಲ್ಡ್ ಮತ್ತು ಯಾಕೊಬ್ಸೆನ್ ಇದನ್ನು ಹೊಟ್ಟೆಹುಳುವಿನ ಔಷಧಿಯಾದೀತೇ ಎಂದು ಪರೀಕ್ಷಿಸುತ್ತಿದ್ದರು. ತಾವೇ ನುಂಗಿ ನೋಡಿದರು. ಆಮೇಲೆ ಮದ್ಯ ಕುಡಿದಾಗ ಮುಖ ಕೆಂಪಾಗಿ ಅಸ್ವಸ್ಥರಾದರು. 1948ರಲ್ಲಿ ಕುಡಿತ ಬಿಡಿಸುವ ಔಷಧಿಯಾಗಿ ಇದು ಲೋಕಕ್ಕೆ ತಿಳಿಯಿತು. ಎರಡನೆಯ ಕಿಣ್ವವನ್ನು ನಿಲ್ಲಿಸುವುದೇ ಇದರ ಕೆಲಸ. ಹುಟ್ಟಿನಿಂದ ಬರಬೇಕಾದ ಕೆಂಪು ಗುಳಿಗೆಯಿಂದ ಬರುತ್ತದೆ.

ಒಳ್ಳೆಯ ಔಷಧಿಯೇ, ಆದರೆ ತಿಳಿದು ಒಪ್ಪಿದವನಿಗೆ. ಮಧ್ಯಾಹ್ನದ ಬಸ್ಸಿಗೆ ಅವರನ್ನು ಸೇಡಂ ಆಸ್ಪತ್ರೆಗೆ ಕರೆತಂದೆವು. ಇಸಿಜಿ ಮಾಡಿದ ಮೇಲೆ ವೈದ್ಯರು ಆ ತಾಯಿಯನ್ನು ಬೈಯಲಿಲ್ಲ; ಇಂಥವರನ್ನು ಬಹಳ ನೋಡಿದ್ದೇನೆ ಎಂದರು. ಗೊತ್ತಿಲ್ಲದೆ ನುಂಗಿದವನು ಗೊತ್ತಿಲ್ಲದೆ ಕುಡಿಯುತ್ತಾನೆ; ರಕ್ತದೊತ್ತಡ ಕುಸಿದು ಹೃದಯವೇ ನಿಲ್ಲಬಹುದು. ಮದ್ಯಸಾರ ಬೆರೆತ ಕೆಮ್ಮಿನ ಔಷಧಿಯೂ ಸಾಕು. ಕೊಡುವ ಮೊದಲು ಲಿವರ್, ಹೃದಯ ನೋಡಬೇಕು. ದಿನಾ ಕುಡಿಯುವವನು ಒಮ್ಮೆಲೇ ಬಿಟ್ಟರೆ ಕೈಕಾಲು ನಡುಗಿ ಫಿಟ್ಸ್ ಬರುವುದೂ ಉಂಟು, ಆದ್ದರಿಂದ ಬಿಡಿಸುವುದೂ ವೈದ್ಯರ ಕಣ್ಣಳತೆಯಲ್ಲಿ ಆಗಬೇಕು. ಮೊದಲು ಮಾತಾಡಲು ಧೈರ್ಯವಿಲ್ಲದವರಿಗೆ 14416 ಎಂಬ ಸರ್ಕಾರಿ ಟೆಲಿ ಮಾನಸ್ ಸಂಖ್ಯೆ ಇದೆ ಎಂದೂ ಹೇಳಿದರು.

ಗಂಡನಿಗೆ ವಿಷಯ ಹೇಳಿದವರೂ ವೈದ್ಯರೇ. ಹೆಂಡತಿ ಬಾಗಿಲ ಹೊರಗೆ, ಮಗ ನನ್ನ ಪಕ್ಕದಲ್ಲಿ. ಅವನು ಬಹಳ ಹೊತ್ತು ನೆಲ ನೋಡಿದ. ನಾನು ಕಾದದ್ದು ಬೈಗುಳಕ್ಕೆ. ಬಂದದ್ದು ಪ್ರಶ್ನೆ: "ಇದು ಮೈಯಾಗ ಎಷ್ಟ ದಿನ ಇರ್ತದ್ರಿ?"

"ಕೊನೆಯ ಗುಳಿಗೆಯಿಂದ ಹದಿನಾಲ್ಕು ದಿನದವರೆಗೂ ಇರಬಹುದು. ಅಷ್ಟು ದಿನ ಒಂದು ಹನಿಯೂ ಆಗದು."

ಸಂಜೆಯ ಬಸ್ಸು ಹತ್ತಿಸಲು ಹೋದಾಗ ಅವನು ಕಿಟಕಿಯ ಪಕ್ಕ ಕುಳಿತು ಬೆರಳು ಮಡಚಿ ದಿನ ಎಣಿಸುತ್ತಿದ್ದ. ಬಿಡಲಿಕ್ಕೋ, ಮತ್ತೆ ಹಿಡಿಯಲಿಕ್ಕೋ, ನಾನು ಕೇಳಲಿಲ್ಲ. ಹೆಂಡತಿ ಮೂರು ಸೀಟು ಹಿಂದೆ ಕುಳಿತಿದ್ದರು. ಬಸ್ಸು ಹೊರಡುವ ಹೊತ್ತಿಗೆ ಹುಡುಗ ಹತ್ತಿ, ಮುಂದೆ ಹೋಗಿ ಅಪ್ಪನ ಪಕ್ಕ ಕುಳಿತ.